ಸಿ-47 ಡಕೋಟಾ, 1/72: ಬರಿ ಲೋಹದ ಮೈ ಆಟಿಕೆಯ ಹಾಗೆ ಕಾಣ್ತಿದೆ, ಏನು ತಪ್ಪಿದೆ?

ಸಣ್ಣರೆಕ್ಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 1/72 ಅಳತೆಯ (ನಿಜ ವಿಮಾನಕ್ಕಿಂತ 72 ಪಟ್ಟು ಚಿಕ್ಕ) ಡಗ್ಲಸ್ ಸಿ-47 ಸರಕು ವಿಮಾನದ ಪ್ಲಾಸ್ಟಿಕ್ ಕಿಟ್ ಹಿಡಿದು ಮೂರು ತಿಂಗಳಾಯಿತು. ಇದು ನನ್ನ ಒಂಬತ್ತನೇ ಮಾಡೆಲ್. ಹಿಂದಿನ ಎಂಟಕ್ಕೂ ಹಸಿರು, ಕಂದು, ಬೂದು ಬಣ್ಣಗಳೇ ಇದ್ದವು. ಬಣ್ಣ ಬಳಿಯದ ಅಲ್ಯೂಮಿನಿಯಂ ಮೈಗೆ ಕೈ ಹಾಕಿದ್ದು ಇದೇ ಮೊದಲು.

ಈ ವಿಮಾನವೇ ಯಾಕೆ ಅಂತ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಸ್ತೆ ಜಪಾನೀಯರ ಕೈಗೆ ಹೋಗುವ ಹೊತ್ತಿಗೆ, ಚೀನಾಕ್ಕೆ ಸಾಮಾನು ಸಾಗಿಸಲು ಆಕಾಶ ಮಾತ್ರ ಉಳಿಯಿತು. ಅಸ್ಸಾಮಿನ ಚಬುವಾ, ದಿಂಜನ್, ಜೋರ್ಹಾಟ್‌ನಂಥ ವಾಯುನೆಲೆಗಳಿಂದ ಎದ್ದು, ಹಿಮಾಲಯದ ಪೂರ್ವ ತುದಿಯ ಬೆಟ್ಟಸಾಲು ದಾಟಿ, ಕುನ್‌ಮಿಂಗ್‌ನಲ್ಲಿ ಇಳಿಯಬೇಕಿತ್ತು. ಪೈಲಟ್‌ಗಳು ಆ ದಾರಿಗೆ 'ಹಂಪ್' ಅಂದರು, ಅಂದರೆ ಗೂನು. 1942ರ ಏಪ್ರಿಲ್‌ನಿಂದ 1945ರ ನವೆಂಬರ್‌ವರೆಗೆ ಸುಮಾರು 6,50,000 ಟನ್ ಸರಕು ಆ ಗೂನನ್ನು ದಾಟಿತು. ಐನೂರಕ್ಕೂ ಹೆಚ್ಚು ವಿಮಾನಗಳು ಆ ಕೆಲಸದಲ್ಲಿ ನಾಶವಾದವು. ಬಾಂಬಿಲ್ಲ, ಬಂದೂಕಿಲ್ಲ, ಹೊರೆ ಹೊರುವುದೊಂದೇ ಕೆಲಸ. ಅಂಥ ಒಂದು ವಿಮಾನ ನನ್ನ ಮೇಜಿನ ಮೇಲೆ ಇರಬೇಕು ಅನ್ನೋದು ಬಹಳ ದಿನದ ಆಸೆ. ಅದೂ ಯುದ್ಧದ ಕೊನೆಯ ವರ್ಷದ, ಬಣ್ಣವಿಲ್ಲದ ಸಿ-47.

ಈಗ ಆಗಿರುವುದು ಹೀಗೆ. ಒಡಲಿನ ಎರಡು ಅರ್ಧಗಳನ್ನು ಅಂಟಿಸಿ, ಜಾಯಿಂಟ್‌ಗೆ ಪುಟ್ಟಿ ತುಂಬಿ, 400 ಮತ್ತು 800ರ ವಾಟರ್ ಪೇಪರ್‌ನಲ್ಲಿ (ಸಂಖ್ಯೆ ಹೆಚ್ಚಿದಷ್ಟೂ ಪೇಪರ್ ನುಣುಪು) ಉಜ್ಜಿದೆ. ಬೆರಳಾಡಿಸಿದರೆ ನುಣ್ಣಗಿತ್ತು. ಪ್ರೈಮರ್ ಹಾಕಲಿಲ್ಲ. ಹಳೆಯ ಮಾಡೆಲ್‌ಗಳಿಗೂ ಹಾಕಿರಲಿಲ್ಲ, ಏನೂ ತೊಂದರೆ ಆಗಿರಲಿಲ್ಲ. ಸ್ಪ್ರೇ ಡಬ್ಬಿಯ ಬೆಳ್ಳಿ ಬಣ್ಣ ನೇರವಾಗಿ ಹೊಡೆದೆ. ಒಣಗಿದ ಮೇಲೆ ನೋಡಿದರೆ, ಬೆನ್ನಿನುದ್ದಕ್ಕೂ ಜಾಯಿಂಟ್ ದಾರ ಎಳೆದ ಹಾಗೆ ಎದ್ದು ಕಾಣ್ತಿದೆ. ಪೇಪರಿನ ಗೀರುಗಳೆಲ್ಲ ಮಿನುಗ್ತಿವೆ. ಎಡ ರೆಕ್ಕೆಯ ಮೇಲೆ ಬಣ್ಣ ತರಿತರಿಯಾಗಿ ಕೂತಿದೆ. ಮೂಗಿನ ಮೇಲಿನ ಆಲಿವ್ ಪಟ್ಟೆಗೆಂದು ಟೇಪ್ ಹಾಕಿ ಎತ್ತಿದರೆ, ಟೇಪಿನ ಜೊತೆ ಬೆಳ್ಳಿಯೂ ಎದ್ದು ಬಂತು.

ಇವೆಲ್ಲ ಕೈಕೆಲಸದ ತಪ್ಪುಗಳು, ತಿದ್ದಬಹುದು ಅನ್ನಿಸುತ್ತದೆ. ನನ್ನನ್ನು ಕಾಡ್ತಿರೋದು ಬೇರೆ. ಬಲ ರೆಕ್ಕೆಯ ಮೇಲೆ ಬಣ್ಣ ಚೆನ್ನಾಗೇ ಬಂದಿದೆ. ಗೀರಿಲ್ಲ, ತರಿಯಿಲ್ಲ. ಆದರೂ ಅದು ಲೋಹ ಅನ್ನಿಸುವುದಿಲ್ಲ. ಬೆಳ್ಳಿ ಬಣ್ಣದ ಆಟಿಕೆ ಅನ್ನಿಸುತ್ತದೆ. ಆ ಕಾಲದ ಕಪ್ಪು-ಬಿಳುಪು ಫೋಟೋ ನೋಡಿದರೆ ಬಣ್ಣವೇ ಇಲ್ಲದಿದ್ದರೂ ಕಣ್ಣು 'ಇದು ಲೋಹ' ಅಂತ ಒಪ್ಪುತ್ತದೆ. ನನ್ನ ರೆಕ್ಕೆಯಲ್ಲಿ ಇಲ್ಲದ್ದು ಅದರಲ್ಲಿ ಏನಿದೆ? ಗಾಳಿಯೊತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಇದೆ, ಕಂಪ್ರೆಸರ್ ಇದೆ, ಸಮಯವೂ ಇದೆ. ದಯವಿಟ್ಟು ಹೇಳಿ.

ವಾಟರ್‌ಪೇಪರ್ ಉತ್ತರ:

ಮಾಡೆಲ್ ಬಿಸಾಡಬೇಡಿ. ಇದು ಪೂರ್ತಿ ಸರಿಹೋಗುತ್ತದೆ. ಕೊನೆಯ ಪ್ರಶ್ನೆಗೆ ಬೇರೆ ಯಾರಾದರೂ ಚೆನ್ನಾಗಿ ಹೇಳಬಹುದು, ನಾನು ಕೈಕೆಲಸದ ಭಾಗ ಹೇಳ್ತೀನಿ.

ಮಂಕು ಹಸಿರು ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ. ಸಣ್ಣ ತಗ್ಗು, ಸಣ್ಣ ಗೀರು ಅದರಲ್ಲಿ ಕಳೆದುಹೋಗುತ್ತವೆ. ಬೆಳ್ಳಿ ಹಾಗಲ್ಲ. ಬೆಳಕನ್ನು ಒಂದೇ ಕಡೆ ತಿರುಗಿಸುತ್ತದೆ, ಹಾಗಾಗಿ ಕೂದಲೆಳೆಯಷ್ಟು ಏರುಪೇರಾದರೂ ಅಲ್ಲಿ ಹೊಳಪು ಮುರಿಯುತ್ತದೆ. ನಿಮ್ಮ ಹಿಂದಿನ ಎಂಟು ಮಾಡೆಲ್‌ಗಳಲ್ಲೂ ಈ ಗೀರುಗಳು ಇದ್ದವು, ಕಾಣ್ತಿರಲಿಲ್ಲ ಅಷ್ಟೆ.

ಬಣ್ಣ ತೆಗೆಯಲು ಲ್ಯಾಕರ್ ತಿನ್ನರ್‌ನಲ್ಲಿ ಅದ್ದಬೇಡಿ, ಕಿಟ್‌ನ ಪಾಲಿಸ್ಟೈರೀನ್ ಕರಗಿಬಿಡುತ್ತದೆ. ಪೂರ್ತಿ ತೆಗೆಯುವ ಅಗತ್ಯವೂ ಇಲ್ಲ. ಟೇಪಿಗೆ ಎದ್ದು ಬಂದ ಜಾಗದ ಸುತ್ತ, ಸಡಿಲ ಇರುವ ಬಣ್ಣವನ್ನೆಲ್ಲ ಟೇಪಿನಿಂದಲೇ ಎತ್ತಿಬಿಡಿ. ಉಳಿದದ್ದನ್ನು 1000ದ ಪೇಪರ್‌ನಲ್ಲಿ ನೀರು ಹಾಕಿ ಸಮ ಮಾಡಿ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಇಡೀ ಮಾಡೆಲ್ ತೊಳೆದು ಒಣಗಿಸಿ. ಬಣ್ಣ ಎದ್ದು ಬರುವುದಕ್ಕೆ ಕಾರಣ ಹೆಚ್ಚಾಗಿ ಎರಡೇ: ಅಚ್ಚಿನಿಂದ ಭಾಗಗಳನ್ನು ಬಿಡಿಸಲು ಹಚ್ಚಿದ ಎಣ್ಣೆ, ಮತ್ತೆ ನಮ್ಮ ಬೆರಳಿನ ಜಿಡ್ಡು. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಜಾಯಿಂಟ್ ವಿಷಯ. ಟ್ಯೂಬಿನ ಪುಟ್ಟಿ ಒಣಗುತ್ತಾ ಕುಗ್ಗುತ್ತದೆ. ನೀವು ಉಜ್ಜಿದ ದಿನ ನುಣ್ಣಗಿದ್ದದ್ದು ವಾರದ ಮೇಲೆ ತಗ್ಗಾಗಿರುತ್ತದೆ. ಒಡಲಿನ ಬೆನ್ನಿಗೆ ಮತ್ತು ಹೊಟ್ಟೆಗೆ ಸೂಪರ್ ಗ್ಲೂ ಬಳಸಿ. ಗುಂಡುಸೂಜಿಯ ತುದಿಯಲ್ಲಿ ತೆಳ್ಳಗೆ ಹರಿಸಿ, ಗಟ್ಟಿಯಾದ ಒಂದು ಗಂಟೆಯೊಳಗೆ ಉಜ್ಜಿಬಿಡಿ. ಒಂದು ದಿನ ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುತ್ತದೆ. ಆಗ ಪಕ್ಕದ ಪ್ಲಾಸ್ಟಿಕ್ ಸವೆಯುತ್ತದೆ, ಅಂಟು ಮಾತ್ರ ಉಬ್ಬಿಕೊಂಡು ಉಳಿಯುತ್ತದೆ. ಉಜ್ಜುವಾಗ 400 ಸಾಕು ಅಂತ ನಿಲ್ಲಿಸಬೇಡಿ. 400, 800, 1000, 1500, 2000 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಪ್ರತಿ ಪೇಪರಿಗೂ ಉಜ್ಜುವ ದಿಕ್ಕು ಬದಲಿಸಿ. ಹಿಂದಿನ ಪೇಪರಿನ ಗೀರು ಹೋಯಿತೋ ಇಲ್ಲವೋ ಆಗಲೇ ಗೊತ್ತಾಗೋದು. ಡಕೋಟಾದಲ್ಲಿ ರೆಕ್ಕೆ ಒಡಲನ್ನು ಸೇರುವ ಜಾಗ ದೊಡ್ಡ ಬಾಗಿನ ಮೂಲೆ, ಅಲ್ಲಿಗೆ ಪೇಪರನ್ನು ಪೆನ್ಸಿಲ್‌ಗೆ ಸುತ್ತಿ ಉಜ್ಜಿ. ನನಗೆ ಆ ಮೂಲೆಗೇ ಎರಡು ಸಂಜೆ ಹಿಡಿದಿತ್ತು.

ಆಮೇಲೆ ನುಣುಪಾದ ಪ್ರೈಮರ್. ಮಿಸ್ಟರ್ ಸರ್ಫೇಸರ್ 1500 ಏರ್‌ಬ್ರಶ್‌ನಲ್ಲಿ ಚೆನ್ನಾಗಿ ಕೂರುತ್ತದೆ. ಅದರ ಮೇಲೆ ಹೊಳಪಿನ ಕಪ್ಪು. ಕಪ್ಪು ಒಣಗಿದಾಗ ಮಾಡೆಲನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಬೆಳಕಿನ ಪಟ್ಟಿ ರೆಕ್ಕೆಯ ಮೇಲೆ ನೇರವಾಗಿ ಓಡುತ್ತದಾ ನೋಡಿ. ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿ ಇನ್ನೂ ಕೆಲಸ ಇದೆ. ಈ ಹಂತ ದಾಟದೆ ಲೋಹದ ಬಣ್ಣದ ಬಾಟಲಿ ತೆರೆಯಲೇಬೇಡಿ.

ಸ್ಪ್ರೇ ಡಬ್ಬಿಯ ಬೆಳ್ಳಿ ಬಗ್ಗೆ ಒಂದು ಲೆಕ್ಕ. ಅದರಲ್ಲಿ ಲೋಹದ ಹುಡಿ ಇರುತ್ತದೆ ಅಲ್ವಾ? ಒಂದು ಕಣ 0.02 ಮಿಲಿಮೀಟರ್ ಅಂದುಕೊಳ್ಳಿ. 72ರಿಂದ ಗುಣಿಸಿ. ನಿಜವಾದ ವಿಮಾನದ ಮೇಲೆ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಮಿಂಚು ಚುಕ್ಕಿ ಉದುರಿಸಿದ ಹಾಗಾಯಿತು. ಯಾವ ಅಲ್ಯೂಮಿನಿಯಂ ಹಾಳೆಯೂ ಹಾಗೆ ಮಿನುಗಲ್ಲ. ಅದಕ್ಕೇ ಆಲ್‌ಕ್ಲಾಡ್ ಲ್ಯಾಕರ್ ಅಥವಾ ವಲ್ಲೆಹೋ ಮೆಟಲ್ ಕಲರ್ ಥರದ್ದು ಬೇಕು, ಅವುಗಳ ಹುಡಿ ಬಹಳ ಸಣ್ಣದು. ಆಲ್‌ಕ್ಲಾಡ್‌ಗೆ ತಿನ್ನರ್ ಬೆರೆಸಬೇಡಿ. 12ರಿಂದ 15 ಪಿಎಸ್‌ಐ ಒತ್ತಡ ಸಾಕು. ಹತ್ತಿರದಿಂದ, ಒದ್ದೆ ಮಾಡದೆ, ಮಂಜು ಹಾಯಿಸಿದ ಹಾಗೆ ಪದರ ಪದರವಾಗಿ ಹೊಡೆಯಿರಿ. ಕಿಟಕಿ ತೆರೆದಿರಲಿ, ಆವಿ ತಡೆಯುವ ಮಾಸ್ಕ್ ಇರಲಿ. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು.

ನೀಲಿನಕ್ಷತ್ರ ಉತ್ತರ:

ಮೇಲಿನದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಲೋಹವೇ ಬೇಕು ಅಂದರೆ ಲೋಹವನ್ನೇ ಹಚ್ಚಬಹುದಲ್ವಾ? ಬೇರ್-ಮೆಟಲ್ ಫಾಯಿಲ್ ಅಂತ ಅಂಟು ಇರುವ ತೆಳು ಹಾಳೆ ಸಿಗುತ್ತದೆ. ಪ್ಯಾನೆಲ್‌ಗಿಂತ (ವಿಮಾನದ ಮೈಯ ಒಂದೊಂದು ಹಾಳೆಗಿಂತ) ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಕೂರಿಸಿ, ಹತ್ತಿಯಿಂದ ತಿಕ್ಕಿ, ಪ್ಯಾನೆಲ್ ಗೆರೆಯ ಮೇಲೆ ಹೊಸ ಬ್ಲೇಡಿನಿಂದ ಕೊಯ್ದು ಉಳಿದದ್ದನ್ನು ಎತ್ತುವುದು. ನಾನು 1/48ರ ಒಂದು ಮಸ್ಟಾಂಗ್ ಯುದ್ಧವಿಮಾನಕ್ಕೆ ಹೀಗೆ ಮಾಡಿದ್ದೆ, ಆ ಹೊಳಪು ಯಾವ ಬಣ್ಣದಿಂದಲೂ ಬರಲ್ಲ. ಡಕೋಟಾದ ಮೂಗು, ಎಂಜಿನ್ ಕವಚ ಎರಡೂ ಗುಂಡಗಿವೆ, ಅಲ್ಲಿ ಫಾಯಿಲ್ ಸುಕ್ಕಾಗುತ್ತದೆ. ರೆಕ್ಕೆಗಾದರೂ ಪ್ರಯತ್ನಿಸಿ ಅನ್ನೋದು ನನ್ನ ಸಲಹೆ.

ಹಳೇರಿವೆಟ್ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತ ಕೂತೆ. ನಾನು ಡಕೋಟಾ ಮೇಲೆ ಕೆಲಸ ಮಾಡಿದವನಲ್ಲ. ಆದರೆ ಇಪ್ಪತ್ತಾರು ವರ್ಷ ವಿಮಾನಗಳ ಮೈ ರಿಪೇರಿಯಲ್ಲೇ ಇದ್ದೆ. ಅಲ್ಯೂಮಿನಿಯಂ ಹಾಳೆ ಕತ್ತರಿಸುವುದು, ಬಗ್ಗಿಸುವುದು, ತೂತು ಕೊರೆಯುವುದು, ರಿವೆಟ್ ಬಡಿಯುವುದು, ಇದೇ ನನ್ನ ಅನ್ನ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದದ್ದು ಹೇಳುತ್ತೇನೆ. ಒಂದು ವಿಮಾನದ ಪಕ್ಕೆಗೆ ತೇಪೆ ಹಾಕಬೇಕಿತ್ತು. ಅಂಗೈ ಎರಡರಷ್ಟು ಅಗಲ. ಉಳಿದಿದ್ದ ಹಾಳೆಯಲ್ಲಿ ಜಾಗ ಕಮ್ಮಿ ಇತ್ತು ಅಂತ ಅಡ್ಡಡ್ಡ ಕತ್ತರಿಸಿ ರಿವೆಟ್ ಮಾಡಿದೆ. ಅದೇ ಮಿಶ್ರಲೋಹ, ಅದೇ ದಪ್ಪ, ಅದೇ ಕಟ್ಟಿನ ಹಾಳೆ. ಸಂಜೆ ದೂರದಿಂದ ನೋಡಿದರೆ ತೇಪೆ ಸುತ್ತಲಿನ ಮೈಗಿಂತ ಕಪ್ಪಗೆ ಕಾಣ್ತಿತ್ತು. ಬಾಲದ ಕಡೆ ಹೋಗಿ ನಿಂತರೆ ಅದೇ ತೇಪೆ ಬೆಳ್ಳಗೆ! ನನ್ನ ಹಿರಿಯರು ಹಾಳೆಯನ್ನು ಕೈಗೆ ಕೊಟ್ಟು, ಬೆಳಕಿಗೆ ಹಿಡಿದು ತಿರುಗಿಸು ಅಂದರು. ಆಗ ಕಂಡಿತು. ಹಾಳೆಯನ್ನು ಗಿರಣಿಯಲ್ಲಿ ಉರುಳೆಗಳ ನಡುವೆ ಒತ್ತಿ ಎಳೆಯುತ್ತಾರಲ್ಲ, ಆ ಎಳೆತದ ಸಣ್ಣ ಗೆರೆಗಳು ಮೇಲ್ಮೈಯಲ್ಲಿ ಉಳಿದಿರುತ್ತವೆ. ಮರದ ಹಲಗೆಗೆ ಎಳೆ ಇದ್ದ ಹಾಗೆ. ಎಳೆಯ ಉದ್ದಕ್ಕೆ ಬೆಳಕು ಬಿದ್ದರೆ ಒಂದು ಥರ, ಅಡ್ಡ ಬಿದ್ದರೆ ಇನ್ನೊಂದು ಥರ.

ನಿಮ್ಮ ರೆಕ್ಕೆಯಲ್ಲಿ ಇಲ್ಲದ್ದು ಇದೇ. ನಿಜವಾದ ವಿಮಾನದ ಮೈ ಒಂದು ವಸ್ತುವಲ್ಲ. ನೂರಾರು ಹಾಳೆ. ಒಂದೊಂದನ್ನು ಒಂದೊಂದು ದಿಕ್ಕಿನಲ್ಲಿ ಕತ್ತರಿಸಿರುತ್ತಾರೆ. ಒಂದು ದಪ್ಪ, ಒಂದು ತೆಳು. ಒಂದು ಹಳೆಯದು, ಒಂದು ಹೋದ ವಾರ ಬದಲಾಯಿಸಿದ್ದು. ನೀವು ಎಲ್ಲದಕ್ಕೂ ಒಂದೇ ಬಾಟಲಿಯ ಒಂದೇ ಬೆಳ್ಳಿ ಹೊಡೆದಿದ್ದೀರಿ, ಹಾಗಾಗಿ ಕಣ್ಣಿಗೆ ಅದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ತುಂಡಿನ ಹಾಗೆ ಕಾಣುತ್ತದೆ. ಆಟಿಕೆಯೂ ಅಚ್ಚಿನಿಂದಲೇ ಬರೋದು. ಕಪ್ಪು-ಬಿಳುಪು ಫೋಟೋದಲ್ಲಿ ಬಣ್ಣ ಇಲ್ಲದಿದ್ದರೂ ಹಾಳೆಯಿಂದ ಹಾಳೆಗೆ ಈ ವ್ಯತ್ಯಾಸ ಉಳಿದಿರುತ್ತದೆ.

ಫಾಯಿಲ್ ಬಗ್ಗೆ ನೀಲಿನಕ್ಷತ್ರ ಅವರು ಹೇಳಿದ್ದು ಮಸ್ಟಾಂಗ್‌ಗೆ ಸರಿ. ಹಂಪ್ ದಾಟಿದ ಡಕೋಟಾಗೆ ಬೇಡ ಅನ್ನುತ್ತೇನೆ. ಇದೇ ಕಾರಣಕ್ಕೆ ಇಡೀ ವಿಮಾನಕ್ಕೆ ಹೊಳಪಿನ ಕಪ್ಪಿನ ತಳವೂ ಬೇಡ. ಆ ಕಾಲದ ವಿಮಾನದ ಹಾಳೆಗಳು ಬರಿ ಅಲ್ಯೂಮಿನಿಯಂ ಅಲ್ಲ. ಒಳಗೆ ತಾಮ್ರ ಬೆರೆತ ಗಟ್ಟಿ ಮಿಶ್ರಲೋಹ, ಹೊರಗೆ ಎರಡೂ ಬದಿ ಶುದ್ಧ ಅಲ್ಯೂಮಿನಿಯಂನ ತೆಳು ಹೊದಿಕೆ. ತೆಳ್ಳನೆ ಹಾಳೆಯಲ್ಲಿ ಆ ಹೊದಿಕೆ ಪ್ರತಿ ಬದಿಗೆ ದಪ್ಪದ ಸುಮಾರು 5% ಇರುತ್ತದೆ. ಗಟ್ಟಿ ಮಿಶ್ರಲೋಹಕ್ಕೆ ಬೇಗ ತುಕ್ಕು ಹತ್ತುತ್ತದೆ, ಶುದ್ಧ ಅಲ್ಯೂಮಿನಿಯಂಗೆ ಅಷ್ಟು ಬೇಗ ಹತ್ತುವುದಿಲ್ಲ. ಅದಕ್ಕೇ ಬಣ್ಣವಿಲ್ಲದೆ ಬಿಟ್ಟರೂ ನಡೆಯುತ್ತಿತ್ತು. ಹೊಸ ಹಾಳೆ ಹೊಳೆಯುತ್ತದೆ, ನಿಜ. ಕೆಲವು ತಿಂಗಳು ಮಳೆ, ಬಿಸಿಲು, ಧೂಳಿನಲ್ಲಿ ನಿಂತರೆ ಮೇಲೆ ಆಕ್ಸೈಡ್ ಪದರ ಕೂತು ಮಂಕಾಗುತ್ತದೆ. ಅಸ್ಸಾಮಿನ ಮಳೆಗಾಲ ನೋಡಿದ ಸರಕು ವಿಮಾನ ಕನ್ನಡಿಯ ಹಾಗೆ ಇರಲು ಸಾಧ್ಯವಿಲ್ಲ. ಬೂದು ಪ್ರೈಮರ್ ಮೇಲೆ ಸಾಧಾರಣ ಅಲ್ಯೂಮಿನಿಯಂ ಛಾಯೆ ಹೊಡೆಯಿರಿ, ಅದೇ ನಿಮ್ಮ ತಳದ ಬಣ್ಣ. ಕಪ್ಪನ್ನು ಪರೀಕ್ಷೆಗೆ ಬಳಸಿ, ಆಮೇಲೆ ಅದರ ಮೇಲೆ ಬೂದು ಹೊಡೆದುಬಿಡಿ.

ಈಗ ವ್ಯತ್ಯಾಸ ತರುವುದು ಹೇಗೆ? ನಾನು ಮೂರು ಛಾಯೆ ಇಟ್ಟುಕೊಳ್ಳುತ್ತೇನೆ. ತಳದ್ದು, ಅದಕ್ಕಿಂತ ಸ್ವಲ್ಪ ಗಾಢ, ಸ್ವಲ್ಪ ತಿಳಿ. ಸ್ವಲ್ಪ ಅಂದರೆ ಬಹಳ ಸ್ವಲ್ಪ. ಎದುರಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗಬಾರದು, ಮಾಡೆಲ್ ತಿರುಗಿಸಿದಾಗ ಮಾತ್ರ ಗೊತ್ತಾಗಬೇಕು. ಅನೇಕರು ಇಲ್ಲಿ ಚದುರಂಗದ ಹಲಗೆ ಮಾಡಿಬಿಡುತ್ತಾರೆ. ಅದು ಬೆಳ್ಳಿ ಆಟಿಕೆಗಿಂತ ಕೆಟ್ಟದಾಗಿ ಕಾಣುತ್ತದೆ.

ಇನ್ನೊಂದು ವಿಧಾನ ನನಗೆ ತುಂಬಾ ಇಷ್ಟ. ಲ್ಯಾಕರ್ ಎರಡು ದಿನ ಒಣಗಿದ ಮೇಲೆ, ಒಂದು ಪ್ಯಾನೆಲ್‌ನ ಸುತ್ತ ಟೇಪ್ ಹಾಕಿ. 8000 ಅಥವಾ 12000ದ ಮೈಕ್ರೋಮೆಶ್ ಅನ್ನುವ ಅತಿ ನುಣುಪಿನ ಉಜ್ಜುವ ಬಟ್ಟೆಯಿಂದ ಒಂದೇ ದಿಕ್ಕಿನಲ್ಲಿ ಹತ್ತು ಸಲ ಮೆಲ್ಲಗೆ ಎಳೆಯಿರಿ. ಸುತ್ತಿಸಬೇಡಿ, ಹಿಂದೆ ಮುಂದೆ ಉಜ್ಜಬೇಡಿ. ಪಕ್ಕದ ಪ್ಯಾನೆಲ್‌ನಲ್ಲಿ ಅಡ್ಡ ದಿಕ್ಕಿನಲ್ಲಿ ಎಳೆಯಿರಿ. ಬಣ್ಣ ಒಂದೇ, ಎಳೆ ಮಾತ್ರ ಬೇರೆ. ನನ್ನ ಆ ತೇಪೆಯಲ್ಲಿ ಆದದ್ದೇ ನಿಮ್ಮ ರೆಕ್ಕೆಯ ಮೇಲೂ ಆಗುತ್ತದೆ. ಮೊದಲು ಬಿಸಾಡುವ ಪ್ಲಾಸ್ಟಿಕ್ ಚಮಚದ ಮೇಲೆ ಮಾಡಿ ನೋಡಿ.

ಎಲ್ಲಿ ಟೇಪ್ ಹಾಕಬೇಕು ಅನ್ನೋದಕ್ಕೆ ಡಕೋಟಾ ಹೇಗೆ ಕಟ್ಟಿದ್ದಾರೆ ಅಂತ ತಿಳಿದಿರಬೇಕು. ನಡುವಿನ ರೆಕ್ಕೆ ಒಡಲಿಗೆ ಸೇರಿದ ಒಂದು ತುಂಡು, ಎಂಜಿನ್‌ಗಳು ಅದರ ಮೇಲೇ ಇವೆ. ಎಂಜಿನ್‌ನ ಆಚೆ ಹೊರ ರೆಕ್ಕೆ ಬೋಲ್ಟ್ ಹಾಕಿ ಸೇರಿಸಿದ್ದು, ಆ ಜೋಡಿನ ಮೇಲೆ ಒಂದು ಪಟ್ಟಿ ಹಾಯುತ್ತದೆ. ಒಳಗೊಂದು ಛಾಯೆ, ಹೊರಗೊಂದು ಛಾಯೆ ಕೊಡಲು ಅದಕ್ಕಿಂತ ಒಳ್ಳೆ ಗಡಿ ಬೇರೆ ಇಲ್ಲ. ಪೆಟ್ರೋಲ್ ಟ್ಯಾಂಕ್‌ಗಳು ನಡುವಿನ ರೆಕ್ಕೆಯಲ್ಲಿವೆ. ಇಂಧನ ತುಂಬುವವರು, ಎಂಜಿನ್ ಬಿಚ್ಚುವವರು ಎಲ್ಲ ಅಲ್ಲೇ ಹತ್ತಿ ನಿಲ್ಲೋದು. ಅದು ಬೂಟಿನ ಉಜ್ಜಿಗೆ ಮಂಕಾಗಿರಲಿ, ಹೊರ ರೆಕ್ಕೆ ಸ್ವಲ್ಪ ಸ್ವಚ್ಛವಾಗಿರಲಿ. ಎಡಗಡೆ ಹಿಂದಿನ ದೊಡ್ಡ ಸರಕು ಬಾಗಿಲಿನ ಸುತ್ತ ಪೆಟ್ಟಿಗೆ, ಪೀಪಾಯಿ ತಾಗಿ ತಾಗಿ ಗೀರಾಗಿರುತ್ತದೆ. ಅಲ್ಲೊಂದು ಚಿಕ್ಕ ತೇಪೆ ಹಾಕಿದರೂ ತಪ್ಪಲ್ಲ.

ರಿವೆಟ್ ಕೊರೆಯುವ ಆಸೆ ಇದ್ದರೆ ಬಿಡಿ. ಆರು ಮಿಲಿಮೀಟರ್ ಅಗಲದ ರಿವೆಟ್ ತಲೆ 1/72ರಲ್ಲಿ 0.1 ಮಿಲಿಮೀಟರ್‌ಗೂ ಕಮ್ಮಿ. ನನ್ನ ಹೆಸರಲ್ಲೇ ರಿವೆಟ್ ಇದೆ, ಆದರೂ ಈ ಅಳತೆಯಲ್ಲಿ ನಾನು ಅದನ್ನು ಮುಟ್ಟುವುದಿಲ್ಲ.

ಇನ್ನು ಬಹಳ ಮುಖ್ಯವಾದದ್ದು. ಡಕೋಟಾದ ಎಲ್ಲವೂ ಲೋಹ ಅಲ್ಲ. ರಡ್ಡರ್ (ನಿಂತ ಬಾಲದ ಹಿಂದೆ ತಿರುಗುವ ಭಾಗ), ಎಲಿವೇಟರ್ (ಅಡ್ಡ ಬಾಲದ ಹಿಂದಿನದ್ದು), ಐಲೆರಾನ್ (ರೆಕ್ಕೆಯ ತುದಿಯ ಕಡೆಯದ್ದು) ಮೂರಕ್ಕೂ ಬಟ್ಟೆ ಹೊದಿಸಿರುತ್ತಾರೆ. ಬಟ್ಟೆಗೆ ಅಲ್ಯೂಮಿನಿಯಂ ಹುಡಿ ಬೆರೆಸಿದ, ಬಟ್ಟೆ ಬಿಗಿಮಾಡುವ ಡೋಪ್ ಅನ್ನುವ ಲೇಪ ಬಳಿಯುತ್ತಿದ್ದರು. ಅದು ಬಣ್ಣ, ಲೋಹ ಅಲ್ಲ. ಸಾದಾ ಬೆಳ್ಳಿಗೆ ಒಂದೆರಡು ಹನಿ ತಿಳಿ ಬೂದು ಬೆರೆಸಿ, ಹೊಳಪಿಲ್ಲದೆ ಹೊಡೆಯಿರಿ. ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಇಳಿಯುವ ಫ್ಲ್ಯಾಪ್ ಮಾತ್ರ ಲೋಹವೇ. ಬಾಲದ ನಿಂತ ಭಾಗ ಲೋಹ, ಅದರ ಹಿಂದೆ ತಿರುಗುವ ರಡ್ಡರ್ ಬಟ್ಟೆ. ಇವೆರಡು ಪಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿ ಕಂಡ ಕೂಡಲೇ ಮುಂದಿನದ್ದು ಲೋಹ ಅಂತ ಕಣ್ಣು ನಂಬುತ್ತದೆ. ಬಹುಶಃ ನೀವು ಮಾಡಬಹುದಾದ ಅತಿ ಸುಲಭ ಕೆಲಸ ಇದೇ.

ಸಣ್ಣರೆಕ್ಕೆ:

ಹಳೇರಿವೆಟ್ ಸರ್, ನಿಮ್ಮ ಉತ್ತರವನ್ನು ನಾಲ್ಕು ಸಲ ಓದಿದೆ. ರಾತ್ರಿಯೇ ಎದ್ದು ಹೋಗಿ ಆ ಕಾಲದ ಒಂದು ಫೋಟೋ ಹೊರತೆಗೆದು ನೋಡಿದೆ. ರಡ್ಡರ್ ನಿಜವಾಗಿಯೂ ಬೇರೆ ಇದೆ! ಇಷ್ಟು ದಿನ ನೋಡಿದ ಫೋಟೋದಲ್ಲೇ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ವಾಟರ್‌ಪೇಪರ್ ಅವರು ಹೇಳಿದ ಹಾಗೆ ಎಲ್ಲ ಉಜ್ಜಿ, ತೊಳೆದು, ಬೆನ್ನಿಗೆ ಸೂಪರ್ ಗ್ಲೂ ಹಾಕಿ ಮತ್ತೆ ಶುರು ಮಾಡಿದ್ದೇನೆ. ಕಪ್ಪು ಪರೀಕ್ಷೆಯಲ್ಲಿ ಎರಡು ಸಲ ಸೋತೆ, ಮೂರನೇ ಸಲ ಬೆಳಕು ನೇರವಾಗಿ ಓಡಿತು.

ಇನ್ನು ಎರಡು ಸಂಶಯ. ರೆಕ್ಕೆಯ ಮುಂಚೂಣಿಯಲ್ಲಿ ಕಪ್ಪು ಪಟ್ಟಿ ಇದೆಯಲ್ಲ, ಅದು ಬೇಕೇ ಬೇಕಾ? ಮತ್ತೆ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು-ಚಿತ್ರ. ಡೆಕಾಲ್‌ಗೆ ಮೊದಲು ಹೊಳಪಿನ ವಾರ್ನಿಷ್ ಹಾಕಿ ಅಂತ ಎಲ್ಲ ಕಡೆ ಹೇಳ್ತಾರೆ. ಚಮಚದ ಮೇಲೆ ಹಾಕಿ ನೋಡಿದರೆ ಲೋಹ ಸತ್ತುಹೋಗಿ ಬೂದು ಬಣ್ಣವಾಯಿತು. ಏನು ಮಾಡಲಿ?

ನೀಲಿನಕ್ಷತ್ರ:

ಫಾಯಿಲ್ ವಿಷಯದಲ್ಲಿ ಹಳೇರಿವೆಟ್ ಅವರ ಮಾತು ಒಪ್ಪಿದೆ. ಡೆಕಾಲ್ ನನ್ನ ಇಷ್ಟದ ವಿಷಯ, ಅದಕ್ಕೆ ನಾನೇ ಹೇಳ್ತೀನಿ.

ವಾರ್ನಿಷ್ ಬೇಡ. ವಾರ್ನಿಷ್ ಹಾಕುವುದು ಮಂಕು ಬಣ್ಣದ ಒರಟು ಮೇಲ್ಮೈಯನ್ನು ನುಣುಪು ಮಾಡಲು. ಒರಟಿನ ಗುಳಿಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಡೆಕಾಲ್ ಕೆಳಗೆ ಬೆಳ್ಳಗೆ ಕಾಣುತ್ತದೆ. ನಿಮ್ಮ ಲೋಹದ ಮೈ ಈಗಾಗಲೇ ನುಣ್ಣಗಿದೆ. ಡೆಕಾಲ್ ಅಂಚಿನ ಪಾರದರ್ಶಕ ಪದರವನ್ನು ಹೊಸ ಬ್ಲೇಡಿನಿಂದ ಆದಷ್ಟು ಹತ್ತಿರಕ್ಕೆ ಕತ್ತರಿಸಿ. ಮೈಕ್ರೋ ಸೆಟ್ ಅನ್ನುವ ದ್ರವ ಹಚ್ಚಿ ಕೂರಿಸಿ, ಒದ್ದೆ ಹತ್ತಿಯಿಂದ ನಡುವಿನಿಂದ ಅಂಚಿಗೆ ಒತ್ತಿ. ಡೆಕಾಲನ್ನು ಮೆತ್ತಗೆ ಮಾಡುವ ಮೈಕ್ರೋ ಸೋಲ್ ದ್ರವಕ್ಕೆ ಖಾರ ಜಾಸ್ತಿ, ಕೆಲವು ಲೋಹದ ಬಣ್ಣಗಳ ಮೇಲೆ ಕಲೆ ಬಿಡುತ್ತದೆ. ನಿಮ್ಮ ಚಮಚದ ಮೇಲೆ ಒಂದು ಹನಿ ಹಾಕಿ ರಾತ್ರಿ ಬಿಟ್ಟು ನೋಡಿ.

ಅಮೆರಿಕದ ಸೇನಾ ವಿಮಾನದ ಗುರುತಾದ ನಕ್ಷತ್ರದ ಜಾಗ ತಪ್ಪಬೇಡಿ. ಮೇಲೆ ಎಡ ರೆಕ್ಕೆಯಲ್ಲಿ ಮಾತ್ರ, ಕೆಳಗೆ ಬಲ ರೆಕ್ಕೆಯಲ್ಲಿ ಮಾತ್ರ, ಒಡಲಿನ ಎರಡೂ ಪಕ್ಕ. 1943ರ ಸೆಪ್ಟೆಂಬರ್ ನಂತರದ್ದಾದ್ದರಿಂದ ಪಕ್ಕದ ಬಿಳಿ ಪಟ್ಟಿಗಳ ಸುತ್ತ ನೀಲಿ ಅಂಚು ಇರಬೇಕು, ಕೆಂಪು ಅಲ್ಲ. ಬಾಲದ ಸಂಖ್ಯೆ ಲೋಹದ ಮೇಲೆ ಕಪ್ಪು. ಆಲಿವ್ ಬಣ್ಣದ ವಿಮಾನಗಳಿಗೆ ಅದು ಹಳದಿ ಇರುತ್ತಿತ್ತು, ಕಿಟ್‌ನಲ್ಲಿ ಎರಡೂ ಕೊಟ್ಟಿದ್ದರೆ ಗೊಂದಲ ಬೇಡ. ಆ ಸಂಖ್ಯೆಯ ಮೊದಲ ಅಂಕಿ ಖರೀದಿಗೆ ಹಣ ಮಂಜೂರಾದ ವರ್ಷದ ಕೊನೆಯ ಅಂಕಿ. 3 ಅಂದರೆ 1943. 1944ರ ಆರಂಭದಿಂದ ಅಮೆರಿಕದ ಸೇನಾ ವಿಮಾನಗಳಲ್ಲಿ ಹೆಚ್ಚಿನವು ಕಾರ್ಖಾನೆಯಿಂದ ಬಣ್ಣವಿಲ್ಲದೇ ಬರತೊಡಗಿದವು. 2ರಿಂದ ಶುರುವಾದರೂ ತಪ್ಪೇನಿಲ್ಲ. ಆರ್ಡರ್ ಹಳೆಯದಿದ್ದು, ವಿಮಾನ ಕೈಗೆ ಬಂದದ್ದು ತಡವಾಗಿರಬಹುದು. ಯಾವುದಕ್ಕೂ ಅದೇ ಸಂಖ್ಯೆಯ ವಿಮಾನದ ಫೋಟೋ ಹುಡುಕಿ.

ಹಳೇರಿವೆಟ್:

ಕಪ್ಪು ಪಟ್ಟಿ ಹಿಮ ಒಡೆಯುವ ರಬ್ಬರ್. ಒಳಗೆ ಗಾಳಿ ತುಂಬಿ ಉಬ್ಬಿಸಿದರೆ ಕಟ್ಟಿದ ಮಂಜುಗಡ್ಡೆ ಒಡೆದು ಉದುರುತ್ತದೆ. ರೆಕ್ಕೆ, ಅಡ್ಡ ಬಾಲ, ನಿಂತ ಬಾಲ ಮೂರರ ಮುಂಚೂಣಿಯಲ್ಲೂ ಇರುತ್ತದೆ. ಹಂಪ್ ದಾರಿಯಲ್ಲಿ ರೆಕ್ಕೆಗೆ ಮಂಜು ಕಟ್ಟುವುದು ದೊಡ್ಡ ಭಯವಾಗಿತ್ತು, ಹಾಗಾಗಿ ನನಗೆ ಅದು ಇರಬೇಕು ಅನ್ನಿಸುತ್ತದೆ. ಆದರೆ ಕೆಲವು ವಿಮಾನಗಳಲ್ಲಿ ತೆಗೆದಿರುತ್ತಾರೆ. ನಿಮ್ಮ ಫೋಟೋ ಏನು ಹೇಳುತ್ತದೋ ಅದನ್ನೇ ಮಾಡಿ. ಅಚ್ಚ ಕಪ್ಪು ಬೇಡ, ಹಳೆಯ ರಬ್ಬರಿನ ಹಾಗೆ ಬೂದು ಬೆರೆತ ಮಂಕು ಕಪ್ಪು.

ಮೂಗಿನ ಮೇಲಿನ ಆಲಿವ್ ಪಟ್ಟೆ ಪೈಲಟ್ ಕಣ್ಣಿಗೆ ಬಿಸಿಲು ಹೊಡೆಯದಿರಲಿ ಅಂತ. ಅದು ಪೂರ್ತಿ ಮಂಕಾಗಿರಲಿ. ಈ ಸಲ ಟೇಪನ್ನು ಮೊದಲು ಅಂಗೈಗೆ ಎರಡು ಮೂರು ಸಲ ಅಂಟಿಸಿ ಎತ್ತಿ, ಆಮೇಲೆ ಬಳಸಿ.

ಎಕ್ಸಾಸ್ಟ್ ಪೈಪ್ ಅಲ್ಯೂಮಿನಿಯಂ ಅಲ್ಲ, ಉಕ್ಕು. ಬಿಸಿಗೆ ಕಂದಿ, ನೀಲಿ-ಕಂದು ತಿರುಗಿರುತ್ತದೆ. ಅದರ ಹಿಂದೆ ರೆಕ್ಕೆಯ ಕೆಳಗೆ ಬೂದು-ಕಂದು ಹೊಗೆ. 14 ಸಿಲಿಂಡರಿನ ಆ ಟ್ವಿನ್ ವಾಸ್ಪ್ ಎಂಜಿನ್ ಎಣ್ಣೆ ಉಗುಳದೆ ಇರುವುದಿಲ್ಲ. ಎಂಜಿನ್ ಕವಚದ ಹಿಂದೆ, ಗಾಳಿ ಹೋಗುವ ದಿಕ್ಕಿಗೆ, ತೆಳ್ಳಗೆ ಎರಡು ಮೂರು ಗೆರೆ ಎಳೆಯಿರಿ. ಅಲ್ಲಿಗೆ ಕೈ ನಿಲ್ಲಿಸಿ.

ಸಣ್ಣರೆಕ್ಕೆ:

ಆರು ವಾರದ ಮೇಲೆ ಬರೀತಿದ್ದೇನೆ. ಮುಗಿಯುತ್ತಾ ಬಂತು.

ಒಡಲಿಗೆ ಮತ್ತು ರೆಕ್ಕೆಗೆ ಒಂದೇ ತಳದ ಅಲ್ಯೂಮಿನಿಯಂ. ಗಾಢ ಛಾಯೆಯನ್ನು ಹನ್ನೊಂದು ಪ್ಯಾನೆಲ್‌ಗೆ, ತಿಳಿಯನ್ನು ಏಳಕ್ಕೆ ಹಾಕಿದೆ. ಮೊದಲ ಸಲ ವ್ಯತ್ಯಾಸ ಜಾಸ್ತಿ ಆಗಿತ್ತು, ಸರ್ ಹೇಳಿದ ಚದುರಂಗದ ಹಲಗೆಯೇ. ಇಡೀ ರೆಕ್ಕೆಗೆ ತಳದ ಬಣ್ಣವನ್ನು ಒಂದು ತೆಳು ಪದರ ಹೊಡೆದೆ, ಎಲ್ಲ ಒಂದು ಹದಕ್ಕೆ ಬಂತು. ಮೈಕ್ರೋಮೆಶ್ ಎಳೆಯುವ ಕೆಲಸಕ್ಕೆ ನಾಲ್ಕು ಸಂಜೆ ಹಿಡಿಯಿತು. ಆ ನಾಲ್ಕು ಸಂಜೆ ಈ ಇಡೀ ಮಾಡೆಲ್‌ನಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟವು. ಟೇಪ್ ಒಮ್ಮೆಯೂ ಬಣ್ಣ ಎತ್ತಲಿಲ್ಲ. ಮೈಕ್ರೋ ಸೋಲ್ ನನ್ನ ಚಮಚದ ಮೇಲೆ ಕಲೆ ಬಿಟ್ಟಿತು, ಹಾಗಾಗಿ ಅದನ್ನು ಬಳಸಲಿಲ್ಲ. ಬರಿ ಸೆಟ್‌ನಲ್ಲೇ ನಕ್ಷತ್ರಗಳು ಚೆನ್ನಾಗಿ ಕೂತವು. ಕಿಟಕಿಗಳಲ್ಲಿ ಒಂದು ಒಳಗೆ ಬಿದ್ದುಹೋಯಿತು, ಪಾರದರ್ಶಕ ಅಂಟಿನ ಪೊರೆ ಕಟ್ಟಿ ಮುಚ್ಚಿದೆ.

ಹಿಂದಿನ ಸರಕು ಬಾಗಿಲಿನ ಪಕ್ಕ, ಬೆರಳಿನ ಉಗುರಿನ ಅರ್ಧದಷ್ಟು, ಒಂದು ತೇಪೆ ಹಾಕಿದ್ದೇನೆ. ಅದಕ್ಕೆ ಬೇರೆ ಬಣ್ಣ ಹಾಕಲಿಲ್ಲ, ಎಳೆಯನ್ನು ಮಾತ್ರ ಅಡ್ಡ ಮಾಡಿದೆ. ನಿನ್ನೆ ರಾತ್ರಿ ಟೇಬಲ್ ಲ್ಯಾಂಪ್ ಕೆಳಗೆ ಮೂಗಿನ ಕಡೆಯಿಂದ ನೋಡಿದೆ, ಕಪ್ಪಗಿತ್ತು. ಮಾಡೆಲನ್ನು ಮೆಲ್ಲಗೆ ತಿರುಗಿಸಿದೆ. ಬಾಲದ ಕಡೆಯಿಂದ ನೋಡಿದಾಗ ಬೆಳ್ಳಗಾಯಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ, ಸರ್.

ಪ್ರೊಪೆಲರ್ ತುದಿಯ ಹಳದಿ ಒಣಗುತ್ತಿದೆ. ಅದನ್ನು ಸಿಕ್ಕಿಸಿ, ನಾಳೆ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಹಾಕುತ್ತೇನೆ.